ಜೇಡಿಮಣ್ಣಿನ ಬರೆಯಲ್ಲಿ ತೋಟ ಮಾಡುವವರೇ, ಗಿಡಕ್ಕಿಂತ ಮೊದಲು ನೀರಿನ ದಾರಿ ನೋಡಿ

ಮಡಿಕೇರಿ ಹತ್ತಿರ ನಮ್ಮ ಮನೆ. ಮನೆಯ ಹಿಂದೆ ಸುಮಾರು 10 ಸೆಂಟ್ ಜಾಗ, ಎಲ್ಲವೂ ಕಡಿದಾದ ಇಳಿಜಾರು; ಇಂಥದನ್ನು ನಮ್ಮ ಕಡೆ ಬರೆ ಅನ್ನುತ್ತೇವೆ. ಮಣ್ಣು ಜೇಡಿ. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಕಲ್ಲಿಗೆ ಹೊಡೆದ ಹಾಗೆ ಸದ್ದು ಬರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣನ್ನು ಬೆರಳಲ್ಲಿ ಒತ್ತಿದರೆ ಪಟ್ಟಿಯ ಹಾಗೆ ಉದ್ದಕ್ಕೆ ಬರುತ್ತದೆ. 2022ರಲ್ಲಿ ಅಲ್ಲಿ ಹಣ್ಣಿನ ತೋಟ ಮಾಡಲು ಹೋಗಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಇಂಥದೇ ಜಾಗ ಇರುವವರು ದಯವಿಟ್ಟು ಪೂರ್ತಿ ಓದಿ.

ಮೊದಲು ಅಲ್ಲಿ ಹುಲ್ಲು, ಜರಿಗಿಡ, ಲಂಟಾನ, ನಾಲ್ಕೈದು ಹಳೆಯ ಹಾಲುವಾಣ ಮರಗಳಿದ್ದವು. ನೋಡಲು ಕಾಡು ಬೆಳೆದ ಹಾಗಿತ್ತು. ಅದನ್ನೆಲ್ಲ ತೆಗೆಸುತ್ತೇನೆ ಅಂದಾಗ ಅತ್ತೆ, "ಇರಲಿ ಬಿಡಮ್ಮ, ಬರೆಯನ್ನು ಹಿಡ್ಕೊಂಡಿರೋದೇ ಅದು" ಅಂದಿದ್ದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದದ್ದನ್ನು ಕಂಡವರು ನಾವು. ಆದರೂ ನಮ್ಮ ಹಿತ್ತಲಿಗೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಮಣ್ಣು ಸ್ವಲ್ಪ ಮೆತ್ತಗಾಗಿತ್ತು. ಜೆಸಿಬಿ ತರಿಸಿದೆವು. ಎರಡು ದಿನದಲ್ಲಿ ಇಡೀ ಬರೆ ಬೋಳಾಯಿತು, ನಾಲ್ಕು ಮೆಟ್ಟಿಲು ಆಯಿತು. ಪ್ರತಿ ಮೆಟ್ಟಿಲ ಹಿಂದೆ ಐದು ಅಡಿ ನೆಟ್ಟಗೆ ಕಡಿದ ಗೋಡೆ. ಒಳಗಡೆಯಿಂದ ಕಡಿದ ಮಣ್ಣನ್ನೇ ಹೊರಗಡೆಗೆ ತಳ್ಳಿ ಅಗಲ ಮಾಡಿದರು. ಅಂದರೆ ಮೆಟ್ಟಿಲಿನ ಅರ್ಧ ಗಟ್ಟಿ ನೆಲ, ಇನ್ನರ್ಧ ಸಡಿಲ ಮಣ್ಣು. "ಮೇಡಂ, ಒಂದು ಮಳೆ ಬಿದ್ರೆ ಕೂತ್ಕೊಳ್ಳುತ್ತೆ" ಅಂದರು ಕೆಲಸ ಹಿಡಿದವರು. ಕೂರಲಿಲ್ಲ. ನೀರು ಸಡಿಲ ಮಣ್ಣಿನಲ್ಲಿ ಇಳಿಯಿತು, ಕೆಳಗಿನ ಗಟ್ಟಿ ಜೇಡಿಯ ಮೇಲೆ ನಿಂತಿತು. ಆ ಎರಡರ ನಡುವೆ ಸೋಪು ಹಚ್ಚಿದ ಹಾಗಾಯಿತು. ಮೇಲಿನದ್ದು ಜಾರಲು ಅಷ್ಟು ಸಾಕಾಯಿತು.

ಎಷ್ಟು ನೀರು ಅಂತ ನಾನು ಲೆಕ್ಕ ಹಾಕಿದ್ದು ಎಲ್ಲ ಆದ ಮೇಲೆ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 10 ಸೆಂಟ್‌ಗೆ ಸುಮಾರು 400 ಚದರ ಮೀಟರ್. ಒಂದು ದಿನ 100 ಮಿ.ಮೀ. ಮಳೆ ಹೊಡೆದರೆ ಆ ಪುಟ್ಟ ಜಾಗದ ಮೇಲೇ 40,000 ಲೀಟರ್ ನೀರು ಬೀಳುತ್ತದೆ. ನಮ್ಮ ಕಡೆ ಜುಲೈನಲ್ಲಿ ಅಂಥ ದಿನಗಳು ಹೊಸದಲ್ಲ. ಮೇಲಿನ ಜಾಗದಿಂದ ಹರಿದು ಬರುವ ನೀರು ಬೇರೆ. ಇಷ್ಟು ನೀರು ಯಾವ ಕಡೆ ಹೋಗಬೇಕು ಅಂತ ನಾವು ಯಾರೂ ಒಂದು ಮಾತೂ ಆಡಿರಲಿಲ್ಲ. ಮಾತೆಲ್ಲ ಬಟರ್‌ಫ್ರೂಟ್ ಎಲ್ಲಿ, ಲಿಚಿ ಎಲ್ಲಿ ಅನ್ನುವುದೇ.

ಗಿಡಗಳ ಕತೆ ಇನ್ನೊಂದು. ಮೂರಡಿ ಆಳ, ಮೂರಡಿ ಅಗಲದ ಗುಂಡಿ ತೆಗೆಸಿ, ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟೆವು. ಮಾಮೂಲಿ ನೆಲದಲ್ಲಿ ಅದು ಸರಿ. ಜೇಡಿಯಲ್ಲಿ ಗುಂಡಿ ಅಂದರೆ ಬಾವಿ. ಸುತ್ತಲಿನ ನೀರೆಲ್ಲ ಬಂದು ಅದರಲ್ಲಿ ತುಂಬಿಕೊಂಡಿತು, ಇಂಗಲು ಜಾಗವೇ ಇಲ್ಲ. ಜೂನ್ ಮುಗಿಯುವಾಗ ಆರು ಬಟರ್‌ಫ್ರೂಟ್ ಸಸಿಗಳಲ್ಲಿ ನಾಲ್ಕರ ಎಲೆ ಹಳದಿಯಾಗಿ ಜೋತುಬಿದ್ದವು. ಒಂದನ್ನು ಕಿತ್ತು ನೋಡಿದೆ. ಬೇರು ಕಪ್ಪಾಗಿ ಕೊಳೆತಿತ್ತು. ನೆಡುವ ಮೊದಲು ಒಂದಡಿ ಗುಂಡಿ ತೋಡಿ ನೀರು ತುಂಬಿಸಿ ಬಿಡಬೇಕಿತ್ತು. ಮರುದಿನವೂ ನೀರು ಹಾಗೇ ಇದ್ದರೆ ಅಲ್ಲಿ ಗುಂಡಿ ನಾಟಿ ಬೇಡ ಅಂತಲೇ ಅರ್ಥ.

ಜೇಡಿಗೆ ಮರಳು ಬೆರೆಸಿದರೆ ಸಡಿಲ ಆಗುತ್ತೆ ಅನ್ನುವ ಮಾತನ್ನೂ ನಂಬಬೇಡಿ. ಬುಟ್ಟಿ ಎರಡು ಬುಟ್ಟಿ ಮರಳು ಹಾಕಿದರೆ ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಗೊಬ್ಬರ, ತರಗೆಲೆ ವರ್ಷ ವರ್ಷ ಮೇಲೆ ಹಾಕುತ್ತಾ ಬಂದರೆ ಮಾತ್ರ ಆ ಮಣ್ಣು ನಿಧಾನಕ್ಕೆ ಬದಲಾಗುತ್ತದೆ.

ಜುಲೈನಲ್ಲಿ ಮೂರು ದಿನ ಬಿಡದೆ ಹೊಡೆಯಿತು. ಎರಡನೆಯ ದಿನ ಮೇಲಿನ ಮೆಟ್ಟಿಲಿನಲ್ಲಿ ಉದ್ದಕ್ಕೆ ಒಂದು ಬಿರುಕು ಕಂಡಿತು, ಬೆರಳು ತೂರುವಷ್ಟು. ಟಾರ್ಪಾಲು ಹೊದಿಸಿ ಬಂದೆವು. ಆ ರಾತ್ರಿ ಎರಡು ಗಂಟೆಗೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಕೆಳಗೆ ಕಟ್ಟಿಸಿದ್ದ ಸೈಜುಗಲ್ಲಿನ ಗೋಡೆ ಉಬ್ಬಿ ಒಡೆದು, ಮಣ್ಣು ಹಿಂಬಾಗಿಲು ಮುರಿದು ಅಡುಗೆಮನೆಗೆ ಬಂದಿತ್ತು. ಆ ಗೋಡೆಯಲ್ಲಿ ನೀರು ಬಸಿಯಲು ಒಂದೇ ಒಂದು ತೂತೂ ಬಿಟ್ಟಿರಲಿಲ್ಲ. ಅದರ ಹಿಂದೆ ಜಲ್ಲಿಯೂ ತುಂಬಿರಲಿಲ್ಲ. ಅತ್ತೆ ಮಲಗುವ ಕೋಣೆ ಅಡುಗೆಮನೆಯ ಪಕ್ಕದ್ದೇ. ನಾಲ್ಕಡಿ ಆಚೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೆಲವು ರಾತ್ರಿ ಎಚ್ಚರ ಆಗುತ್ತದೆ.

ನಿಮ್ಮ ಬರೆಯಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ಬರೆಯ ಬುಡದಿಂದ ಇದ್ದಕ್ಕಿದ್ದ ಹಾಗೆ ಕೆಂಪು ನೀರು ಬರಲು ಶುರುವಾದರೆ ಟಾರ್ಪಾಲು ಹುಡುಕಬೇಡಿ. ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ.

ಮಣ್ಣು ತೆಗೆಸಲು ಆದ ಖರ್ಚು ತೋಟಕ್ಕೆ ಹಾಕಿದ್ದಕ್ಕಿಂತ ಜಾಸ್ತಿ. ಆಮೇಲೆ ಮಾಡಿದ ಕೆಲಸಗಳಲ್ಲಿ ಮೊದಲನೆಯದು ಬರೆಯ ನೆತ್ತಿಯಲ್ಲಿ ಅಡ್ಡಕ್ಕೆ ಒಂದು ಕಾಲುವೆ. ಮೇಲಿನ ನೀರು ನಮ್ಮ ಜಾಗಕ್ಕೆ ಇಳಿಯದೆ ಪಕ್ಕದಿಂದ ರಸ್ತೆ ಚರಂಡಿಗೆ ಹೋಗಬೇಕು. ಕಾಲುವೆಯ ತಳಕ್ಕೆ ಕಲ್ಲು ಹಾಸಿ ಗಾರೆ ಮಾಡಿಸಿದೆವು. ಬರೀ ಮಣ್ಣಿನ ಕಾಲುವೆ ಆದರೆ ನೀರು ಅಲ್ಲೇ ಇಂಗಿ ಬರೆಯ ಹೊಟ್ಟೆಗೆ ಇಳಿಯುತ್ತದೆ. ಉಳಿದ ಮೆಟ್ಟಿಲುಗಳನ್ನು ಒಳಮುಖವಾಗಿ ಸ್ವಲ್ಪ ವಾಲಿಸಿ, ಅಲ್ಲಿ ಸೇರುವ ನೀರು ನಿಲ್ಲದೆ ಒಂದು ಪಕ್ಕಕ್ಕೆ ಹೋಗುವ ಹಾಗೆ ಮಾಡಿದೆವು.

ಮುಂದಿನ ಜೂನ್‌ನಲ್ಲಿ ಲಾವಂಚ ಹಾಕಿದೆವು. ಮೂರು ಕೋಲನ್ನು ಇಂಗ್ಲಿಷಿನ A ಆಕಾರಕ್ಕೆ ಕಟ್ಟಿ, ನಡುವೆ ದಾರಕ್ಕೆ ಕಲ್ಲು ತೂಗಿಬಿಟ್ಟು ಸಮಮಟ್ಟ ಗುರುತು ಮಾಡಿ, ಆ ಗೆರೆಯ ಮೇಲೆ ಗೇಣಿಗಿಂತ ಹತ್ತಿರ ಹತ್ತಿರ ನೆಟ್ಟೆವು. ಅದರ ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಎರಡು ಮೂರು ಮೀಟರ್ ಆಳಕ್ಕೂ ಹೋಗುತ್ತದೆ. ನಡುನಡುವೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ಊರಿದೆವು, ಚಿಗುರಿಕೊಂಡಿವೆ. ಕಳೆಯನ್ನು ಈಗ ಕತ್ತಿಯಲ್ಲಿ ಸವರುತ್ತೇವೆ, ಬೇರು ಸಮೇತ ಕೀಳುವುದಿಲ್ಲ. ಬಟರ್‌ಫ್ರೂಟ್ ಎರಡೇ ಇವೆ. ಗುಂಡಿಯಲ್ಲಲ್ಲ, ಪಕ್ಕದ ಕಡಿಮೆ ಇಳಿಜಾರಿನಲ್ಲಿ ಒಂದೂವರೆ ಅಡಿ ಮಣ್ಣು ಏರಿಸಿದ ದಿಬ್ಬದ ಮೇಲೆ.

ಇಷ್ಟಾದರೂ ಮೇಲಿನ ಬಿರುಕಿನ ಗುರುತು ಇನ್ನೂ ಇದೆ. ಜೇಡಿ ಒತ್ತಿ ಮುಚ್ಚಿದ್ದೇವೆ. ಆಚೆ ಈಚೆ ಒಂದೊಂದು ಗೂಟ ಹೊಡೆದು, ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ನಡುವಿನ ಅಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಅತ್ತೆಯ ಹಾಸಿಗೆ ಈಗ ಮುಂದಿನ ಕೋಣೆಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ.