ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟ್: ಮನೆ ಚೆನ್ನಾಗಿದೆ, ಬಾಡಿಗೆ ಲೆಕ್ಕ ಮೊದಲೇ ತಿಳಿದುಕೊಳ್ಳಿ

ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ದಕ್ಷಿಣ ಭಾಗದ ಒಂದು ಸಬರ್ಬ್‌ನಲ್ಲಿ, ಟ್ಯಾಕ್ಸ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕಟ್ಟಿದರೆ ಸಿಗುವ ತೆರಿಗೆ ರಿಯಾಯಿತಿ) ಹಣದಿಂದ ಕಟ್ಟಿದ ಎರಡು ಬೆಡ್‌ರೂಮಿನ ಮನೆಯಲ್ಲಿ ನಾನು, ಅಮ್ಮ, ಮಗಳು ಇದ್ದೇವೆ. ಯಾರಾದರೂ ಕೇಳಿದರೆ ಧಾರಾಳವಾಗಿ ಅರ್ಜಿ ಹಾಕಿ ಅಂತಲೇ ಹೇಳುತ್ತೇನೆ.

ಮನೆ ಗಟ್ಟಿಯಾಗಿದೆ. ಒಗ್ಗರಣೆ ಹೊಗೆ ಹೊರಗೆ ಹೋಗುವುದಕ್ಕೆ ಒಳ್ಳೆ ಫ್ಯಾನ್ ಇದೆ, ಚಳಿಗಾಲದಲ್ಲಿ ಹೀಟರ್ ಕೈಕೊಟ್ಟಿಲ್ಲ. ಪಕ್ಕದ ದುಬಾರಿ ಕಾಂಪ್ಲೆಕ್ಸ್‌ಗೂ ನಮ್ಮದಕ್ಕೂ ಹೊರಗಿನಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮಗಳು ಈ ಊರಿನ ಒಳ್ಳೆ ಸ್ಕೂಲಿಗೇ ಹೋಗುತ್ತಾಳೆ, ನನಗೆ ಬೇಕಿದ್ದುದೂ ಅದೇ. ಬಸ್ ಮಾತ್ರ ತೀರಾ ಕಮ್ಮಿ, ಕಾರಿಲ್ಲದವರಿಗೆ ಕಷ್ಟ.

ಇದಕ್ಕೆ ಮೂಲ 1986ರ ತೆರಿಗೆ ಕಾನೂನು. ಕಟ್ಟುವವರಿಗೆ ರಾಜ್ಯದ ಹೌಸಿಂಗ್ ಏಜೆನ್ಸಿ ಕ್ರೆಡಿಟ್ ಹಂಚುತ್ತದೆ. ಬ್ಯಾಂಕಿನಂಥ ಹೂಡಿಕೆದಾರರು ಕಟ್ಟಡಕ್ಕೆ ಹಣ ಹಾಕಿ, ಆ ಕ್ರೆಡಿಟ್ಟನ್ನು 10 ವರ್ಷ ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ 30 ವರ್ಷ ಬಾಡಿಗೆಗೆ ಮಿತಿ ಇರುತ್ತದೆ.

ಈಗ ಆ ಮಿತಿಯ ವಿಷಯ, ಇದನ್ನು ಸರಿಯಾಗಿ ಓದಿ. ಬಾಡಿಗೆ ಅಂದರೆ ನಮ್ಮ ಸಂಬಳದ 30% ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಮಟ್ಟ) ಸಾಮಾನ್ಯವಾಗಿ 60% ಎಷ್ಟೋ ಅದರ 30%, ಅದೂ ಎರಡು ಬೆಡ್‌ರೂಮಿಗೆ ಮೂರು ಜನರ ಕುಟುಂಬ ಅಂತ ಹಿಡಿದು ಹಾಕಿದ ಲೆಕ್ಕ, ಕರೆಂಟು ಗ್ಯಾಸು ನೀವೇ ಕಟ್ಟುವುದಾದರೆ ಅದನ್ನು ಅದರಲ್ಲೇ ಕಳೆಯುತ್ತಾರೆ. ನಿಮ್ಮ ಆದಾಯ ಮಧ್ಯಮದ 45% ಮಾತ್ರ ಇದ್ದು ಪೂರ್ತಿ ಮಿತಿಯ ಬಾಡಿಗೆ ಹಾಕಿದರೆ, ಸಂಬಳದಲ್ಲಿ 40% ಬಾಡಿಗೆಗೇ ಹೋಗುತ್ತದೆ. ನನಗೆ ಕೆಲಸದ ಗಂಟೆ ಕಡಿಮೆಯಾದಾಗ ಬಾಡಿಗೆ ಒಂದು ಡಾಲರೂ ಇಳಿಯಲಿಲ್ಲ. ಆಫೀಸಿನವರು ನಿಯಮ ಇರುವುದೇ ಹೀಗೆ ಅಂದರು, ಅದು ನಿಜ ಕೂಡ. ಆದರೆ ಸಹಿ ಹಾಕಿಸಿಕೊಳ್ಳುವಾಗ ಯಾರೂ ಇದನ್ನು ಬಿಡಿಸಿ ಹೇಳಲಿಲ್ಲ, ನನ್ನ ದೊಡ್ಡ ದೂರು ಇದೇ. ಸೆಕ್ಷನ್ 8 ವೌಚರ್ (ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಕಟ್ಟುವ ಸಹಾಯ) ಇದ್ದವರಿಗೆ ಈ ಕಷ್ಟವಿಲ್ಲ, ಆದಾಯ ಇಳಿದರೆ ಅವರ ಪಾಲೂ ಇಳಿಯುತ್ತದೆ. ವೌಚರ್ ಇದೆ ಅನ್ನುವ ಕಾರಣಕ್ಕೆ ಇಂಥ ಕಟ್ಟಡದವರು ಮನೆ ಇಲ್ಲ ಅನ್ನುವಂತಿಲ್ಲ. ಇನ್ನೊಂದು ಸಮಾಧಾನ, ಒಳಗೆ ಬಂದ ಮೇಲೆ ಸಂಬಳ ಜಾಸ್ತಿಯಾಯಿತು ಅಂತ ಮನೆ ಬಿಡಿಸುವುದಿಲ್ಲ.

ಎಂಎಸ್ ಓದಲು ಬಂದ ಹುಡುಗರು ಸೇರಿ ಹಿಡಿಯೋಣ ಅಂದರೆ ಆಗುವುದಿಲ್ಲ. ಮನೆಯಲ್ಲಿರುವವರೆಲ್ಲ ಫುಲ್‌ಟೈಮ್ ವಿದ್ಯಾರ್ಥಿಗಳಾದರೆ, ಕೆಲವು ವಿನಾಯಿತಿ ಬಿಟ್ಟು, ಕೊಡುವುದಿಲ್ಲ.

ಇಂಥ ಹೊಸ ಕಟ್ಟಡದ ಅರ್ಜಿ ಬಂದಾಗ ಟೌನ್‌ಶಿಪ್ ಸಭೆಯಲ್ಲಿ 'ನಮ್ಮ ಮನೆ ಬೆಲೆ ಬೀಳುತ್ತದೆ' ಅನ್ನುವವರಲ್ಲಿ ನಮ್ಮ ದೇಶದವರೂ ಇರುತ್ತಾರೆ, ಕೇಳಿ ತುಂಬಾ ನೋವಾಗುತ್ತದೆ. ಮೌಂಟ್ ಲಾರೆಲ್ ಅನ್ನುವ ಊರು ಇಲ್ಲೇ ಇದೆಯಲ್ವಾ? ಅಲ್ಲಿ ಬಡ ಕಪ್ಪು ಕುಟುಂಬಗಳಿಗೆ 36 ಮನೆ ಕಟ್ಟಲು ಊರಿನವರು ಬಿಡಲಿಲ್ಲ. ಆ ಊರಿನವರೇ ಆದ ಎಥೆಲ್ ಲಾರೆನ್ಸ್ ಮತ್ತು ಜೊತೆಯವರು ಕೋರ್ಟಿಗೆ ಹೋದರು. ಬಡವರನ್ನು ಹೊರಗಿಡುವಂಥ ಜೋನಿಂಗ್ (ಎಲ್ಲಿ ಎಂಥ ಕಟ್ಟಡ ಕಟ್ಟಬಹುದು ಅನ್ನುವ ಊರಿನ ನಿಯಮ) ನಡೆಯುವುದಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ತೀರ್ಪು ಕೊಟ್ಟಿತು. ಎಥೆಲ್ ತೀರಿಕೊಂಡಿದ್ದು 1994ರಲ್ಲಿ. ಟ್ಯಾಕ್ಸ್ ಕ್ರೆಡಿಟ್ ಹಣ ಸೇರಿಸಿ ಕಟ್ಟಿದ, ಅವರದೇ ಹೆಸರಿನ ಮನೆಗಳಿಗೆ ಜನ ಬಂದಿದ್ದು 2000ದ ಕೊನೆಯ ಹೊತ್ತಿಗೆ. ಈಗ 140 ಮನೆಗಳಿವೆ. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ತಂಡ ಸುತ್ತಲಿನ ಊರುಗಳ ಜೊತೆ ಹೋಲಿಸಿ ನೋಡಿತು. ಆ ಮನೆಗಳಿಂದ ಮನೆ ಬೆಲೆ ಬೀಳಲಿಲ್ಲ, ಅಪರಾಧ ಹೆಚ್ಚಲಿಲ್ಲ, ತೆರಿಗೆಯೂ ಏರಲಿಲ್ಲ.

ಅರ್ಜಿ ಹಾಕುವವರು ಪೇ ಸ್ಟಬ್, ಬ್ಯಾಂಕ್ ಸ್ಟೇಟ್‌ಮೆಂಟ್, ಟ್ಯಾಕ್ಸ್ ರಿಟರ್ನ್ ಎಲ್ಲಾ ಜೋಡಿಸಿಟ್ಟುಕೊಳ್ಳಿ. ವೇಟಿಂಗ್ ಲಿಸ್ಟ್ ಉದ್ದ ಇರುತ್ತದೆ, ಒಂದೇ ಕಡೆ ನಂಬಿ ಕೂರಬೇಡಿ. ಆಫೀಸಿನಲ್ಲಿ ಮೊದಲು ಕೇಳಬೇಕಾದದ್ದು ಎರಡು: ಈ ಮನೆ ಎಷ್ಟು ಪರ್ಸೆಂಟ್ ಆದಾಯದ ಲೆಕ್ಕದ್ದು, ಕಳೆದ ವರ್ಷ ಬಾಡಿಗೆ ಎಷ್ಟು ಏರಿಸಿದಿರಿ.