ಶಿವಮೊಗ್ಗದ ಭಾನುವಾರದ ಫಿಲಾಸಫಿ ಕ್ಲಾಸ್: ದ್ರವ್ಯದ ಬಗ್ಗೆ ಕೇಳ್ಬೇಕು ಅನ್ನೋರು ಖಂಡಿತ ಸೇರ್ಕೊಳ್ಳಿ

ದುರ್ಗಿಗುಡಿ ಕಡೆ ನಡೆಯೋ ಕ್ಲಾಸ್ ಹೇಗಿದೆ ಅಂತ ಸುಮಾರು ಜನ ಕೇಳ್ತಿದ್ರು, ಅದಕ್ಕೇ ಬರೀತಿದೀನಿ. ಈ ಸಲದ ವಿಷಯ ದ್ರವ್ಯ, ಅಂದ್ರೆ ಮ್ಯಾಟರ್, ಹಳೇ ಗ್ರೀಕರು ಏನಂದ್ರು ಆಮೇಲೆ ಬಂದ ಯುರೋಪಿನವರು ಏನಂದ್ರು ಅನ್ನೋದು.

ಥೇಲೀಸ್ ನೀರೇ ಮೂಲ ಅಂದ, ಡೆಮಾಕ್ರಿಟಸ್ ಅಣು ಮತ್ತೆ ಖಾಲಿ ಜಾಗ ಅಂದ, ಇದೆಲ್ಲ ಬೇಗ ಮುಗೀತು. ಮೇಷ್ಟ್ರು ನಿಧಾನ ಮಾಡಿದ್ದು ಅರಿಸ್ಟಾಟಲ್ ಹತ್ರ. ಯಾವ ವಸ್ತುವಾದ್ರೂ ದ್ರವ್ಯಕ್ಕೆ ರೂಪ ಸೇರಿ ಆಗಿದ್ದು ಅನ್ನೋಕೆ ಅವನದ್ದು ಕಂಚಿನ ಪ್ರತಿಮೆ ಉದಾಹರಣೆ, ಇವರು ಸಾಗರದ ಗುಡಿಗಾರರ ಗಂಧದ ಗಣಪತಿ ತಗೊಂಡ್ರು. ಗಣಪತಿಗೆ ಗಂಧದ ತುಂಡು ದ್ರವ್ಯ, ಸರಿ, ಆದ್ರೆ ಆ ತುಂಡಿಗೂ ಮರ ಅನ್ನೋ ರೂಪ ಇದೆಯಲ್ಲ, ಅದರ ದ್ರವ್ಯ ಯಾವ್ದು? ಮಣ್ಣು ನೀರು ಗಾಳಿ ಬೆಂಕಿ. ಅವೂ ಒಂದು ಇನ್ನೊಂದಾಗಿ ಬದಲಾಗುತ್ವೆ ಅಂತಾನೆ, ಹಾಗಾದ್ರೆ ಎಲ್ಲದರ ಅಡೀಲಿ ಇರೋದು ತನ್ನದೇ ಗುಣ ಯಾವ್ದೂ ಇಲ್ಲದ, ಏನು ಬೇಕಾದ್ರೂ ಆಗಬಲ್ಲ ಬರೀ ಸಾಧ್ಯತೆ. ಹೀಗೆ ಓದೋದು ಸರೀನಾ ಅಂತ ಪಂಡಿತರಲ್ಲಿ ಈಗ್ಲೂ ಜಗಳ ಇದೆ, ಅದನ್ನೂ ಮುಚ್ಚಿಡದೆ ಹೇಳಿದ್ರು, ನಂಗೆ ಭಾಳ ಇಷ್ಟ ಆಯ್ತು.

ಫ್ರಾನ್ಸಿನ ಫಿಲಾಸಫರ್ ಡೆಕಾರ್ಟ್ ಪಾಠಕ್ಕೆ ನಿಜವಾದ ಜೇನುಮೇಣ ತಂದಿದ್ರು. ಎಲ್ರೂ ಕೈಯಲ್ಲಿ ಹಿಡಿದು ನೋಡಿದ್ವಿ, ಜೇನಿನ ವಾಸನೆ ಇನ್ನೂ ಇತ್ತು, ಬೆರಳಲ್ಲಿ ತಟ್ಟಿದ್ರೆ ಟಕ್ ಅಂತಿತ್ತು. ಆಮೇಲೆ ಸ್ಪೂನಲ್ಲಿಟ್ಟು ಬೆಂಕಿ ಮೇಲೆ ಹಿಡಿದ್ರು, ಗಟ್ಟಿತನ ಹೋಯ್ತು ಆಕಾರ ಹೋಯ್ತು ಬಣ್ಣಾನೂ ಬದಲಾಯ್ತು, ಆದ್ರೂ ಅದೇ ಮೇಣ ಅಂತೀವಲ್ಲ, ಹೇಗೆ? 1641ರಲ್ಲಿ ಅವನು ಅಚ್ಚು ಹಾಕಿಸಿದ ಪ್ರಶ್ನೆ ಇದು. ಉಳಿಯೋದು ಜಾಗ ಹಿಡಿಯೋ ಉದ್ದ ಅಗಲ ಆಳ, ಅದನ್ನ ಗುರುತಿಸೋದು ಬುದ್ಧಿ, ಕಣ್ಣಲ್ಲ. ಅರಿಸ್ಟಾಟಲ್‌ಗೆ ಅಳತೆಗೇ ಸಿಗದಿದ್ದ ದ್ರವ್ಯ ಇವನಿಗೆ ಪೂರ್ತಿ ಅಳತೆಯೇ ಆಗೋಯ್ತು, ಜಾಗ ಇದ್ದಲ್ಲೆಲ್ಲ ದ್ರವ್ಯ ಇದ್ದೇ ಇರುತ್ತೆ, ಅದಕ್ಕೇ ಖಾಲಿ ಜಾಗ ಅನ್ನೋದೇ ಇಲ್ಲ ಅಂದ. ಈ ತಿರುವು ಇಷ್ಟು ಸ್ಪಷ್ಟವಾಗಿ ನಂಗೆ ಬೇರೆಲ್ಲೂ ಸಿಕ್ಕಿರ್ಲಿಲ್ಲ, ಕೊಟ್ಟ ಫೀಸು ಇದೊಂದಕ್ಕೇ ಸಾರ್ಥಕ.

ಕೊರತೆ ಇಲ್ಲ ಅಂತಲ್ಲ. ನೋಟ್ಸ್ ಪೂರ್ತಿ ಇಂಗ್ಲಿಷ್ ಜೆರಾಕ್ಸು, ಕನ್ನಡ ಮೀಡಿಯಂನಿಂದ ಬಂದೋರು ಪಾಠ ಕೇಳುವಾಗ ಚೆನ್ನಾಗಿ ಅರ್ಥ ಮಾಡ್ಕೊಂಡು ಮನೇಲಿ ಓದೋಕೆ ಒದ್ದಾಡ್ತಾರೆ. ಡೆಕಾರ್ಟ್ ಆದ್ಮೇಲೆ ಬಂದ ಫಿಲಾಸಫರ್‌ಗಳಾದ ಲಾಕ್, ಬರ್ಕ್ಲಿ ಇಬ್ಬರನ್ನೂ ಕೊನೇ ದಿನಕ್ಕೆ ತುರುಕಿದ್ರು. ಮನಸ್ಸಿನ ಹೊರಗೆ ದ್ರವ್ಯ ಅನ್ನೋದೇ ಇಲ್ಲ ಅಂತ ಬರ್ಕ್ಲಿ 1710ರಲ್ಲಿ ವಾದಿಸಿದ್ದು ಕೇಳಿ ಎಲ್ರೂ ಒಟ್ಟಿಗೆ ಕೈ ಎತ್ತಿದ್ರು, ಅಷ್ಟೊತ್ತಿಗೆ ತೀರ್ಥಹಳ್ಳಿ ಬಸ್ಸು ಹಿಡಿಯೋರು ಎದ್ದು ಹೊರಟ್ರು, ಅವರ ನಂತರದ ಜರ್ಮನ್ ಫಿಲಾಸಫರ್ ಕಾಂಟ್ ಪಾಠ ಬರಲೇ ಇಲ್ಲ. ಮುಂದಿನ ಬ್ಯಾಚಲ್ಲಿ ಬರ್ಕ್ಲಿಗೆ ಅಂತಾನೇ ಒಂದು ಭಾನುವಾರ ಇಡಿ ಸಾರ್ ಅಂತ ಕೇಳಿದೀನಿ, ಸೇರೋರು ನೀವೂ ಕೇಳಿ.