ಮಕ್ಕಳನ್ನು ಸಿನಿಮಾಕ್ಕೆ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ರಜೆಯಲ್ಲಿ ಮನೆತುಂಬ ಮಕ್ಕಳು ಸೇರಿದಾಗ ‘ಎಲ್ಲರನ್ನೂ ಒಂದು ಸಿನಿಮಾಕ್ಕೆ ಕರ್ಕೊಂಡು ಹೋಗೋಣ’ ಎಂಬ ಮಾತು ಬಂದೇ ಬರುತ್ತದೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನನ್ನ ಏಳು ವರ್ಷದ ಮಗನಿಗೆ ಆದದ್ದು ಇನ್ನೊಂದು ಮಗುವಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಹೋಗಿದ್ದಾಗ ನೆಂಟರೊಬ್ಬರು ಮಕ್ಕಳನ್ನೆಲ್ಲ ಸ್ಟಾರ್ ನಟನೊಬ್ಬನ ಸಿನಿಮಾಕ್ಕೆ ಕರೆದೊಯ್ದರು. ಸೆನ್ಸಾರ್ ಸರ್ಟಿಫಿಕೇಟು ಯು/ಎ 16+. ಇಂಟರ್ವಲ್‌ಗೆ ಮುಂಚೆಯೇ ಮಚ್ಚು, ಲಾಂಗು, ಕಿವಿ ಗುಂಯ್‌ಗುಡುವ ಸೌಂಡು. ಇವನಿಗಿಂತ ಚಿಕ್ಕವಳು ನನ್ನ ನಾದಿನಿ ಮಗಳು, ಪಾಪ್‌ಕಾರ್ನ್ ತಿನ್ನುತ್ತ ಆರಾಮಾಗಿ ನೋಡಿದಳಂತೆ. ಇವನು ಕಿವಿ ಮುಚ್ಚಿಕೊಂಡು ಮನೆಗೆ ಹೋಗೋಣ ಎಂದು ಅತ್ತಿದ್ದಾನೆ. ‘ಅವಳೇ ನೋಡ್ತಿದಾಳೆ, ಗಂಡು ಹುಡುಗ ಆಗಿ ಅಳ್ತೀಯಲ್ಲೋ ಪುಕ್ಲ’ ಎಂದು ನಗಾಡಿ, ಕೊನೆಯವರೆಗೂ ಕೂರಿಸಿದ್ದಾರೆ.

ಅಂದಿನ ರಾತ್ರಿಯಿಂದ ನಿದ್ದೆಯಲ್ಲಿ ಬೆಚ್ಚಿಬೀಳತೊಡಗಿದ. ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ. ಯಾವತ್ತೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ರಕ್ತ ಕಂಡು ಹೆದರಿದ್ದಾನೆ ಅಂದುಕೊಂಡೆವು. ಅದಲ್ಲ. ಸ್ವಲ್ಪ ಸ್ವಲ್ಪವಾಗಿ ಬಾಯಿ ಬಿಟ್ಟಾಗ ಗೊತ್ತಾಯಿತು: ಸಿನಿಮಾದಲ್ಲಿ ಒಬ್ಬ ಹುಡುಗ ಬಾಗಿಲ ಹಿಂದೆ ನಿಂತಿರುವಾಗಲೇ ಅವನ ಅಪ್ಪನನ್ನು ಹೊಡೆದು ಕೊಲ್ಲುತ್ತಾರೆ. ನಮ್ಮ ಮನೆಯವರದು ಸೆಕೆಂಡ್ ಶಿಫ್ಟು, ಮನೆ ಸೇರುವಾಗ ಹನ್ನೊಂದು ದಾಟಿರುತ್ತದೆ. ಅವರು ಬರುವ ತನಕ ಮಗು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ನಾದಿನಿ ಮಗಳಿಗೆ ಆ ದೃಶ್ಯ ನೆನಪೇ ಇಲ್ಲ!

ಸರ್ಟಿಫಿಕೇಟಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. 2023ರ ಕಾನೂನು ತಿದ್ದುಪಡಿಯ ನಂತರ ಯು/ಎ ಎಂಬುದು 7+, 13+, 16+ ಎಂದು ಮೂರಾಗಿದೆ. ‘ಎ’ ಸಿನಿಮಾಕ್ಕೆ ಹದಿನೆಂಟರೊಳಗಿನವರನ್ನು ಬಿಡುವಂತಿಲ್ಲ, ಆದರೆ ಯು/ಎ ವಯಸ್ಸು ಅಪ್ಪ ಅಮ್ಮ ಪೋಷಕರು ಯೋಚಿಸಿ ನಿರ್ಧರಿಸಲಿ ಎಂದು ಹಾಕಿರುವುದು. ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಗೇಟಿನಲ್ಲಿ ಟಿಕೆಟ್ ಹರಿಯುವವರು ತಡೆಯುತ್ತಾರೆ ಅಂದುಕೊಳ್ಳಬೇಡಿ. ಇನ್ನು ಆ ನಂಬರು ವಯಸ್ಸನ್ನಷ್ಟೇ ಹೇಳೀತು, ನಿಮ್ಮ ಮಗುವಿನ ಮನಸ್ಸಿಗೆ ಯಾವುದು ನಾಟುತ್ತದೆ ಅಂತ ಹೇಳುವುದಿಲ್ಲ. ಒಂದು ಮಗುವಿಗೆ ನಾಯಿಗೆ ಪೆಟ್ಟಾದರೆ ತಡೆಯಲಾಗದು, ಇನ್ನೊಂದಕ್ಕೆ ಅಮ್ಮ ಕಳೆದುಹೋಗುವುದು, ಮತ್ತೊಂದಕ್ಕೆ ಬರೀ ಸೌಂಡೇ ಸಾಕು. ಒಂದೇ ಮನೆಯ ಅಣ್ಣತಮ್ಮಂದಿರಲ್ಲೂ ಇದು ಬೇರೆ ಬೇರೆ.

‘ಅದು ಸುಳ್ಳು ಕಣೋ, ಬಣ್ಣದ ನೀರು’ ಎಂದು ಎಷ್ಟು ಹೇಳಿದರೂ ಕೆಲಸಕ್ಕೆ ಬರಲಿಲ್ಲ. ಸುಳ್ಳು ಅಂತ ಅವನಿಗೂ ಗೊತ್ತು, ಆದರೂ ಭಯ ಹೋಗದು. ಅತ್ತೆಯವರು ಅಂತ್ರ ಕಟ್ಟಿಸಿದರು. ನಾನು ಬೇಡ ಅನ್ನಲಿಲ್ಲ, ಅದನ್ನು ಕೈಯಲ್ಲಿ ಹಿಡಿದು ಮಲಗುತ್ತಿದ್ದ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅವನ ಅಪ್ಪ ಫ್ಯಾಕ್ಟರಿ ಗೇಟು ದಾಟುತ್ತಲೇ ‘ಹೊರಟೆ ಮಗನೇ’ ಎಂದು ಫೋನ್ ಮಾಡತೊಡಗಿದ್ದು. ಅದೇ ಕಥೆಯನ್ನು ಅವನು ಎಷ್ಟು ಸಲ ಹೇಳಿದರೂ ಕೂತು ಕೇಳಿದೆವು. ಶಾಲೆ ಶುರುವಾದ ಮೇಲೆ ನಿಧಾನಕ್ಕೆ ಸರಿಹೋದ.

ಬೇರೆಯವರ ಜೊತೆ ಮಗುವನ್ನು ಕಳಿಸುವಾಗ ಯಾವ ಸಿನಿಮಾ ಅಂತ ಕೇಳಿ. ಮಗು ‘ಸಾಕು’ ಅಂದರೆ ಅರ್ಧಕ್ಕೇ ಎದ್ದು ಬರಬೇಕೆಂದು ಅವರಿಗೆ ಬಾಯಿಬಿಟ್ಟು ಹೇಳಿ, ಟಿಕೆಟ್ ದುಡ್ಡು ಹೋದರೆ ಹೋಗಲಿ. ಮನೆಯ ಟಿವಿಯಲ್ಲೂ ಅಷ್ಟೇ. ಓಟಿಟಿ ಆ್ಯಪ್‌ಗಳಲ್ಲಿ ವಯಸ್ಸಿನ ಪ್ರಕಾರ ಲಾಕ್ ಹಾಕುವ ಸೌಲಭ್ಯವಿದೆ, ಹಾಕಿಡಿ. ಹೆದರಿದ ಮಗುವನ್ನು ಪುಕ್ಲ ಎಂದು ಆಡಿಕೊಳ್ಳುವವರು ಎಷ್ಟೇ ಹಿರಿಯರಾಗಿರಲಿ, ಅಲ್ಲೇ ತಡೆಯಿರಿ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.